ಮುಖ ನೋಡಿ ಮಣೆ ಹಾಕುವ ಲೋಕದಲ್ಲಿ ನಮ್ಮ ಪಾಸ್‌ಪೋರ್ಟ್

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಈ ಪುಟ್ಟ ವಾಚನಾಲಯದಲ್ಲಿ ಇಷ್ಟು ಜನ ಸೇರುತ್ತೀರಿ ಎಂದು ನಾನು ಎಣಿಸಿರಲಿಲ್ಲ. ಮೊದಲು ಒಂದು ಪ್ರಶ್ನೆ. ಯಾರ ಮನೆಯಲ್ಲಿ ಪಾಸ್‌ಪೋರ್ಟ್ ಇಲ್ಲ? ನೋಡಿ, ಒಂದೂ ಕೈ ಏಳಲಿಲ್ಲ. ಅಣ್ಣನೋ ಭಾವನೋ ಮಗನೋ, ಯಾರಾದರೊಬ್ಬರು ಗಲ್ಫಿನಲ್ಲಿ ಇದ್ದೇ ಇರುತ್ತಾರೆ, ಅಲ್ವಾ?

ಆ ಪುಸ್ತಕದ ಆರಂಭದಲ್ಲೇ ಒಂದು ಮಾತು ಅಚ್ಚಾಗಿದೆ. ಭಾರತದ ರಾಷ್ಟ್ರಪತಿಯವರ ಹೆಸರಿನಲ್ಲಿ ಹೇಳುವ ಮಾತು. ಇದನ್ನು ಹಿಡಿದವರನ್ನು ಅಡ್ಡಿಯಿಲ್ಲದೆ ಹೋಗಲು ಬಿಡಿ, ಅವರಿಗೆ ಬೇಕಾದ ನೆರವು, ರಕ್ಷಣೆ ಕೊಡಿ ಎಂದು. ಹಿಂದಿಯಲ್ಲಿದೆ, ಇಂಗ್ಲಿಷಿನಲ್ಲಿದೆ. ಕನ್ನಡದಲ್ಲೂ ಇಲ್ಲ, ಮಲಯಾಳದಲ್ಲೂ ಇಲ್ಲ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಈ ಎರಡು ಭಾಷೆಗೂ ಒಂದೇ ನ್ಯಾಯ ಸಿಕ್ಕಿದ ಅಪರೂಪದ ಜಾಗ ಅದು!

ಈಗ ನಮ್ಮ ನೆರೆಯ ಒಬ್ಬ ಹುಡುಗನ ಕತೆ. ಹೆಸರು ಬೇಡ, ವಿಮಾನ ನಿಲ್ದಾಣ ಯಾವುದೆಂದೂ ಬೇಡ. ಯುರೋಪಿನ ಒಂದು ಊರಲ್ಲಿ ಇಳಿದ. ಸಾಲಿನಲ್ಲಿ ನೂರಾರು ಜನ. ಇವನ ಗಡ್ಡ ನೋಡಿದರು, ಹೆಸರು ಓದಿದರು, ಪಕ್ಕದ ಕೋಣೆಗೆ ಕರೆದರು. ನಾಲ್ಕು ಗಂಟೆ. ಅದೇ ಪ್ರಶ್ನೆಗಳು ತಿರುಗಿ ತಿರುಗಿ. ಕೊನೆಗೆ "ಹೋಗಬಹುದು" ಎಂದರು, ಅಷ್ಟೇ. "ಎಂಬಸಿಗೆ ಫೋನ್ ಮಾಡಬಾರದಿತ್ತಾ?" ಎಂದು ಕೇಳಿದೆ. "ನಂಬರ್ ಯಾರ ಹತ್ರ ಇದೆ ಮಾಷ್ಟ್ರೇ? ನಾನೇನು ಶಾರುಖ್ ಖಾನಾ?" ಎಂದ.

ಅವನು ತಮಾಷೆಗೆ ಹೇಳಿದ್ದು. ಆದರೆ ಮಾತು ಸರಿಯಾಗಿಯೇ ತಾಗುತ್ತದೆ. 2009ರಲ್ಲಿ ಅಮೆರಿಕದ ನೆವಾರ್ಕ್‌ನಲ್ಲಿ ಶಾರುಖ್ ಖಾನರನ್ನು ನಿಲ್ಲಿಸಿದಾಗ ನಮ್ಮ ರಾಯಭಾರ ಕಚೇರಿ ಮಧ್ಯೆ ಬಂತು. 2012ರಲ್ಲಿ ಮತ್ತೆ ನಿಲ್ಲಿಸಿದರು, ಆಮೇಲೆ ಕ್ಷಮೆ ಕೇಳಿದರು. ಆಗ ವಿದೇಶಾಂಗ ಸಚಿವರಾಗಿದ್ದವರು ಮದ್ದೂರು ಕಡೆಯ ಎಸ್.ಎಂ. ಕೃಷ್ಣ. ಮೊದಲು ತಡೆಯುವುದು, ಆಮೇಲೆ ಕ್ಷಮೆ ಕೇಳುವುದು, ಹೀಗೇ ಯಂತ್ರದ ಹಾಗೆ ನಡೆಸಿಕೊಂಡು ಹೋಗಲಿಕ್ಕಾಗದು ಎಂಬ ಅರ್ಥದ ಮಾತನ್ನು ಅವರು ಹೇಳಿದರು. ನನಗೆ ಆ ಮಾತು ಬಹಳ ಇಷ್ಟ. 2010ರಲ್ಲಿ ಅಮೆರಿಕದಲ್ಲಿದ್ದ ನಮ್ಮ ರಾಯಭಾರಿ ಮೀರಾ ಶಂಕರ್ ಅವರನ್ನು ಮಿಸಿಸಿಪ್ಪಿಯಲ್ಲಿ ಮೈ ತಡವಿ ತಪಾಸಣೆ ಮಾಡಿದಾಗಲೂ ಕೃಷ್ಣ ಸುಮ್ನೆ ಕೂರಲಿಲ್ಲ. ಸೀರೆ ಉಟ್ಟ ರಾಯಭಾರಿ! 2011ರಲ್ಲಿ ನ್ಯೂಯಾರ್ಕಿನಲ್ಲಿ ಅಬ್ದುಲ್ ಕಲಾಂ ಅವರ ಕೋಟು, ಬೂಟು ತಪಾಸಣೆಗೆ ಹೋದವು. ಅದಕ್ಕೂ ಕ್ಷಮೆ ಬಂತು.

ನಟ, ರಾಯಭಾರಿ, ಮಾಜಿ ರಾಷ್ಟ್ರಪತಿ. ವಿಮಾನ ನಿಲ್ದಾಣದವರು ಮುಖ ನೋಡಿ ಮಣೆ ಹಾಕುತ್ತಾರೆ ಎಂದು ಬಯ್ಯುತ್ತೇವೆ. ನಮ್ಮ ಸರ್ಕಾರ ದನಿ ಎತ್ತುವಾಗಲೂ ಮುಖ ನೋಡಿಯೇ ಎತ್ತುತ್ತದಲ್ಲ!

ಕೆನಡಾ ಒಮ್ಮೆ ಬೇರೆ ದಾರಿ ಹಿಡಿಯಿತು. 2002ರಲ್ಲಿ ಅಮೆರಿಕ ಕೆಲವು ದೇಶಗಳಲ್ಲಿ ಹುಟ್ಟಿದವರ ಫೋಟೊ, ಬೆರಳಚ್ಚು ತೆಗೆಯುವ ನಿಯಮ ತಂದಿತು. ಇರಾನ್, ಇರಾಕ್, ಸಿರಿಯಾದಂಥ ಕಡೆ ಹುಟ್ಟಿ ಕೆನಡಾದ ಪ್ರಜೆಗಳಾದವರೂ ಅದರಲ್ಲಿ ಸಿಕ್ಕಿಬಿದ್ದರು. ಆಗ ಕೆನಡಾ, ಅಮೆರಿಕಕ್ಕೆ ಹೋಗುವ ಮುನ್ನ ಯೋಚಿಸಿ ಎಂದು ಅಂಥ ತನ್ನ ಪ್ರಜೆಗಳಿಗೆ ಬಹಿರಂಗವಾಗಿಯೇ ಎಚ್ಚರಿಕೆ ಕೊಟ್ಟಿತು. ಅದೂ ಪಕ್ಕದ ಮನೆಯ ಗೆಳೆಯನ ವಿರುದ್ಧ! ಯಾರೋ ಒಬ್ಬ ದೊಡ್ಡ ಮನುಷ್ಯನಿಗಾಗಿ ಅಲ್ಲ, ಹೆಸರೇ ಗೊತ್ತಿಲ್ಲದ ಸಾವಿರಾರು ಜನರಿಗಾಗಿ. ಹುಟ್ಟಿದ ಊರು ಒಂದನ್ನೇ ನೋಡಿ ಹಾಗೆ ಮಾಡುವುದಿಲ್ಲ ಎಂದು ಅಮೆರಿಕ ಹೇಳಬೇಕಾಯಿತು. ಹಾಗೆಂದು ಕೆನಡಾ ಹಾಲಿನಷ್ಟು ಬಿಳಿಯಲ್ಲ. ಅದೇ ವರ್ಷ ಮಾಹೆರ್ ಅರಾರ್ ಎಂಬ ತನ್ನ ಪ್ರಜೆಯ ಬಗ್ಗೆ ಅದರ ಪೊಲೀಸರೇ ತಪ್ಪು ಮಾಹಿತಿ ಕೊಟ್ಟಿದ್ದರು. ಅಮೆರಿಕದವರು ಅವನನ್ನು ಸಿರಿಯಾಕ್ಕೆ ಅಟ್ಟಿದರು, ಅಲ್ಲಿ ಚಿತ್ರಹಿಂಸೆಯಾಯಿತು. 2007ರಲ್ಲಿ ಕೆನಡಾ ಅವನ ಕ್ಷಮೆ ಕೇಳಿ 1 ಕೋಟಿ 5 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ನಮ್ಮದೇ ಒಂದು ಕತೆ ಇದೆ. ಆಸ್ಟ್ರೇಲಿಯಾದಲ್ಲಿ ಕೆಲಸದಲ್ಲಿದ್ದ ನಮ್ಮ ವೈದ್ಯ ಡಾ. ಮೊಹಮ್ಮದ್ ಹನೀಫ್. ಬೆಂಗಳೂರಿಗೆ, ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಹೊರಟವರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ತಪ್ಪೇನು? ಬ್ರಿಟನ್ ಬಿಡುವಾಗ ಸಿಮ್ ಕಾರ್ಡನ್ನು ಸಂಬಂಧಿಕನಿಗೆ ಕೊಟ್ಟದ್ದು. ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ದಾಳಿಕೋರರು ನುಗ್ಗಿಸಿ ಉರಿದ ಜೀಪಿನಲ್ಲಿ ಆ ಸಿಮ್ ಸಿಕ್ಕಿತು ಎಂದು ಕೋರ್ಟಿನಲ್ಲಿ ಹೇಳಿದ್ದು ಸುಳ್ಳಾಯಿತು. ಅದು ಸಿಕ್ಕಿದ್ದು ದೂರದ ಲಿವರ್‌ಪೂಲಿನಲ್ಲಿ. ಆರೋಪ ಹೊರಿಸದೆಯೇ 12 ದಿನ ಕೂಡಿಹಾಕಿದ್ದರು. ತಿಂಗಳ ಕೊನೆಗೆ ಕೇಸು ಕೈಬಿಟ್ಟರು, 2010ರಲ್ಲಿ ಪರಿಹಾರವೂ ಬಂತು. ನಮ್ಮ ಸರ್ಕಾರ ಕಳವಳ ಹೇಳಿತು, ನಿಜ. ಆದರೆ ಕೇಸು ಬಿದ್ದುಹೋಗಲು ಜಾಸ್ತಿ ಕಾರಣವಾದದ್ದು ಅಲ್ಲಿಯ ವಕೀಲರು ಮತ್ತು ಪತ್ರಕರ್ತರು ಎಂದು ನನ್ನ ಲೆಕ್ಕ.

ಹಾಗಾದರೆ ಸರ್ಕಾರದ ಕೈಯಲ್ಲಿ ಏನಿದೆ? 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಇದೆ. ಪರದೇಶದಲ್ಲಿ ನಿಮ್ಮನ್ನು ಬಂಧಿಸಿದರೆ, ನಿಮ್ಮ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಆ ಹಕ್ಕಿದೆ ಎಂದು ಅವರೇ ನಿಮಗೆ ಹೇಳಬೇಕು, ತಡಮಾಡದೆ. ಗೂಢಚಾರ ಎಂದು ಪಾಕಿಸ್ತಾನ ಹಿಡಿದಿಟ್ಟ ಕುಲಭೂಷಣ್ ಜಾಧವ್ ವಿಷಯದಲ್ಲಿ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನದ ತಪ್ಪು ಎಂದದ್ದು ಇದೇ ವಿಧಿಯ ಮೇಲೆ. ಆದರೆ ತೊಡಕು ಇಲ್ಲಿದೆ. ಪಕ್ಕದ ಕೋಣೆಯಲ್ಲಿ ಕೂರಿಸಿದ್ದು ಬಂಧನವೇ ಅಲ್ಲ, ಬರೀ ವಿಚಾರಣೆ ಎನ್ನುತ್ತಾರೆ. ನಮ್ಮ ಹುಡುಗನಂಥವರು ಆ ಸಂದಿಯಲ್ಲೇ ಬೀಳುವುದು. ಅಲ್ಲಿ ಒಬ್ಬೊಬ್ಬರ ಪರವಾಗಿ ಫೋನ್ ಮಾಡಿ ಮುಗಿಯುವುದಿಲ್ಲ. ಎಷ್ಟು ಜನರನ್ನು, ಯಾವ ಹೆಸರಿನವರನ್ನು ನಿಲ್ಲಿಸಿದಿರಿ ಎಂದು ಸರ್ಕಾರವೇ ಲೆಕ್ಕ ಇಟ್ಟು, ಲೆಕ್ಕ ಕೇಳಬೇಕು.

ಆ ಹುಡುಗನ ಕತೆ ಪೂರ್ತಿ ಮಾಡಲಿಲ್ಲ. ರಜೆಗೆಂದು ಊರಿಗೆ ಬಂದ. ನಮ್ಮ ದೇಶದ್ದೇ ಒಂದು ನಿಲ್ದಾಣದಲ್ಲಿ ಇಳಿದ. ಅಧಿಕಾರಿ ಪಾಸ್‌ಪೋರ್ಟಿನ ಕೊನೆಯ ಪುಟ ತಿರುಗಿಸಿ ವಿಳಾಸ ನೋಡಿದರಂತೆ. "ಕಾಸರಗೋಡಾ? ಸೈಡಿಗೆ ನಿಲ್ಲಿ." ಎರಡು ಪೆಟ್ಟಿಗೆಯನ್ನೂ ಬಿಚ್ಚಿಸಿದರು. ಮಕ್ಕಳಿಗೆ ತಂದ ಚಾಕಲೇಟು, ಅಮ್ಮನಿಗೆ ತಂದ ಕಂಬಳಿ, ಎಲ್ಲ ಹರಡಿದರು. ಸಿಕ್ಕಿದ್ದು ಏನೂ ಇಲ್ಲ.

"ಅಲ್ಲಿಯಾದರೆ ಎಂಬಸಿ ಅಂತ ಒಂದಾದರೂ ಇತ್ತು. ಇಲ್ಲಿ ಯಾರಿಗೆ ಫೋನ್ ಮಾಡುವುದು ಮಾಷ್ಟ್ರೇ?" ಎಂದು ಕೇಳಿದ. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಚಾ ಕುಡಿದು ಎದ್ದು ಹೋದ.