ಕೆರೆಯಂಗಳದಲ್ಲಿ ಮೆಟ್ಟುಗಾಲು ಹಕ್ಕಿಯ ಫೋಟೊ

ಕೇಳುಗರಿಗೆ ನಮಸ್ಕಾರ.

ಸಂಕ್ರಾಂತಿ ಕಳೆದ ಮೇಲೆ ಬಯಲುಸೀಮೆಯ ಕೆರೆಗಳಲ್ಲಿ ನೀರು ದಿನದಿನಕ್ಕೂ ಹಿಂದೆ ಸರಿಯುತ್ತದೆ. ಅಂಚಿನಲ್ಲಿ ಗೇಣುದ್ದ ನೀರು, ಅದಕ್ಕಂಟಿಕೊಂಡು ಹಸಿ ಕೆಸರು. ಹುಳುಹುಪ್ಪಟೆ ಹೇರಳವಾಗಿರುವ ಆ ಪಟ್ಟಿಯ ಮೇಲೆ ಗೊರವ, ಟಿಟ್ಟಿಭ, ಬೆಳ್ಳಕ್ಕಿ, ಮೆಟ್ಟುಗಾಲು ಹಕ್ಕಿ ಎಲ್ಲವೂ ಮೇಯಲು ಇಳಿಯುತ್ತವೆ. ಇವತ್ತಿನ ಮಾತಿಗೆ ಮೆಟ್ಟುಗಾಲು ಹಕ್ಕಿಯೊಂದನ್ನೇ ಇಟ್ಟುಕೊಳ್ಳೋಣ. ಹಾಲುಬಿಳುಪಿನ ಎದೆ, ಕಪ್ಪು ರೆಕ್ಕೆ, ಕಡ್ಡಿಯಂಥ ಗುಲಾಬಿ ಕಾಲು, ಕೆಳಗೆ ನೀರಿನಲ್ಲಿ ಬಿಂಬ. ನೀರಂಚಿನ ಹಕ್ಕಿಗಳ ಫೋಟೊದಲ್ಲಿ ಎದುರಾಗುವ ತೊಡಕುಗಳೆಲ್ಲ ಈ ಒಂದು ಹಕ್ಕಿಯಲ್ಲೇ ಸಿಗುತ್ತವೆ.

ಮೊದಲನೆಯದು ಎತ್ತರ. ಕೆರೆ ಏರಿಯ ಮೇಲೆ ನಿಂತರೆ ಹಕ್ಕಿ ಚೆನ್ನಾಗಿಯೇ ಕಾಣುತ್ತದೆ, ಫೋಟೊ ಮಾತ್ರ ಚೆನ್ನಾಗಿ ಬರುವುದಿಲ್ಲ. ಒಂದು ಲೆಕ್ಕ ಹಾಕೋಣ. ಹಕ್ಕಿ 12 ಮೀಟರ್ ದೂರದಲ್ಲಿದೆ, ಅದರ ಕಣ್ಣು ನೆಲದಿಂದ 30 ಸೆಂಟಿಮೀಟರ್ ಮೇಲಿದೆ. ನೀವು ಏರಿ ಇಳಿದು ಬಂದು ಬರೀ ನಿಂತುಕೊಂಡು, ಒಂದೂವರೆ ಮೀಟರ್ ಎತ್ತರದಿಂದ ನೋಡಿದರೂ ನಿಮ್ಮ ನೋಟದ ಗೆರೆ ಹಕ್ಕಿಯ ಕಣ್ಣು ದಾಟಿ ಮೂರೇ ಮೀಟರಿನಲ್ಲಿ ಕೆಸರಿಗೆ ತಾಗುತ್ತದೆ. ಹಿನ್ನೆಲೆ ಅಷ್ಟು ಹತ್ತಿರವಿದ್ದರೆ ದನದ ಹೆಜ್ಜೆ, ಒಣಕಡ್ಡಿ, ಪ್ಲಾಸ್ಟಿಕ್ ಚೂರು ಎಲ್ಲವೂ ಹಕ್ಕಿಯ ಜೊತೆಗೆ ಎದ್ದು ಕಾಣುತ್ತವೆ. ಅದೇ ಲೆನ್ಸನ್ನು ನೆಲದಿಂದ 25 ಸೆಂಟಿಮೀಟರಿಗೆ ಇಳಿಸಿದರೆ ನೋಟ ನೇರವಾಗಿ ಆಚೆ ದಡದ ಜೊಂಡಿಗೋ ಜಾಲಿಗೋ ಹೋಗಿ ಮುಟ್ಟುತ್ತದೆ. ಅಷ್ಟು ದೂರದ ದಡ ಕರಗಿ ಒಂದೇ ಹಸಿರಾಗುತ್ತದೆ, ಹಕ್ಕಿ ಬಿಡಿಯಾಗಿ ನಿಲ್ಲುತ್ತದೆ. ದುಬಾರಿ ಲೆನ್ಸ್ ಕೊಡದ ಫಲವನ್ನು ಮಲಗಿದ ಮೈ ಕೊಡುತ್ತದೆ.

ನೆಲಮಟ್ಟಕ್ಕೆ ಟ್ರೈಪಾಡ್ ಇಳಿಯುವುದಿಲ್ಲ, ಇಳಿದರೂ ಅದರ ಕಾಲು ಹೂಳಿನಲ್ಲಿ ಹೂತುಹೋಗುತ್ತದೆ. ಹಳೆಯದೊಂದು ಅಗಲ ತಳದ ಬಾಣಲೆ ತೆಗೆದುಕೊಳ್ಳಿ. ಹಿಡಿ ಕತ್ತರಿಸಿ, ತಳದ ನಡುವೆ ತೂತು ಕೊರೆಸಿ, ಕೆಳಗಿನಿಂದ ಎಂಟರಲ್ಲಿ ಮೂರು ಇಂಚು ದಪ್ಪದ ಬೋಲ್ಟ್ ತೂರಿಸಿ, ವಾಷರ್ ಮತ್ತು ನಟ್ ಹಾಕಿ ಬಿಗಿದು, ಮೇಲೆ ಟ್ರೈಪಾಡಿನ ಬಾಲ್ ಹೆಡ್, ಅಂದರೆ ಕ್ಯಾಮೆರಾವನ್ನು ಎತ್ತಲಾದರೂ ಹೊರಳಿಸಬಹುದಾದ ಗುಂಡುತಲೆ, ತಿರುಗಿಸಿ ಕೂರಿಸಿ. ಬೋಲ್ಟಿನ ತಲೆ ಚಪ್ಪಟೆಯಾಗಿರಲಿ, ಇಲ್ಲದಿದ್ದರೆ ಕೆಸರಿಗೆ ಸಿಕ್ಕಿಕೊಳ್ಳುತ್ತದೆ. ಈ ಬಾಣಲೆ ಕೆಸರಿನಲ್ಲಿ ಹೂಳುವುದಿಲ್ಲ, ತಳ್ಳಿದರೆ ದೋಣಿಯಂತೆ ಜಾರುತ್ತದೆ.

ಒಂದು ಎಚ್ಚರಿಕೆ. ಮಣ್ಣು ತೆಗೆದ ಕೆರೆಗಳಲ್ಲಿ ಮೊಣಕಾಲು ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ. ಊರಿನವರನ್ನು ಕೇಳದೆ ನೀರಿಗೆ ಇಳಿಯಬೇಡಿ.

ಹಕ್ಕಿಯತ್ತ ನೀವು ಹೋಗುವುದಕ್ಕಿಂತ ಹಕ್ಕಿಯೇ ನಿಮ್ಮತ್ತ ಬರುವುದು ಮೇಲು. ಬೆಳಕು ಹರಿಯುವ ಮೊದಲೇ ಸೂರ್ಯ ಬೆನ್ನಿಗೆ ಬರುವ ಜಾಗ ಹಿಡಿದು ಮಲಗಿದರೆ ಮೇಯುತ್ತ ಮೇಯುತ್ತ ಅವೇ ಹತ್ತಿರವಾಗುತ್ತವೆ. ಮೇವು ನಿಲ್ಲಿಸಿ ಕತ್ತು ಚಾಚಿತೆಂದರೆ, ತಲೆಯನ್ನು ಮೇಲೆ ಕೆಳಗೆ ಕುಣಿಸಿತೆಂದರೆ ಅಲ್ಲೇ ನಿಲ್ಲಿ. ಪಕ್ಕದಲ್ಲಿ ಟಿಟ್ಟಿಭ ಇದ್ದರಂತೂ ಅದರ ಒಂದು ಕೂಗಿಗೆ ಕೆರೆಯಂಗಳವೇ ಖಾಲಿಯಾಗುತ್ತದೆ. ಬೇಸಿಗೆ ಬಲಿತಂತೆ ಮೆಟ್ಟುಗಾಲು ಹಕ್ಕಿ ಇದೇ ನೆಲದ ಮೇಲೆ ಮೊಟ್ಟೆ ಇಡುತ್ತದೆ. ತಲೆಯ ಮೇಲೆ ಬಿಡದೆ ಕೂಗುತ್ತ ಸುತ್ತಿದರೆ, ರೆಕ್ಕೆ ಮುರಿದಂತೆ ನಟಿಸಿದರೆ ಗೂಡು ನಿಮ್ಮ ಬಳಿಯೇ ಇದೆ ಎಂದರ್ಥ. ಫೋಟೊದ ಆಸೆ ಬಿಟ್ಟು ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ತಾಯಿ ಏಳುತ್ತಿದ್ದಂತೆ ಬಿಸಿಲಿಗೆ ಸಿಕ್ಕ ಮೊಟ್ಟೆ ಬೇಗ ಕೆಡುತ್ತದೆ.

ಹಕ್ಕಿಗಳನ್ನು ಹತ್ತಿರಕ್ಕೆ ತರುವ ಕೆಲಸವನ್ನು ಕರಾವಳಿಯಲ್ಲಿ ಕಡಲೇ ಮಾಡಿಕೊಡುತ್ತದೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಘನಾಶಿನಿ ಅಳಿವೆಯಂಥ ಕಡೆ ಭರತ ಏರುವ ಹೊತ್ತಿಗೆ ಕುಳಿತರೆ, ಕೆಸರು ಮುಳುಗುತ್ತ ಬಂದಂತೆ ಹಕ್ಕಿಗಳು ದಡದತ್ತ ಒತ್ತಿ ಬರುತ್ತವೆ. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ ಎನ್ನುವುದು ನೆನಪಿರಲಿ.

ಈಗ ಬಿಳಿಯ ವಿಷಯ. ಹೆಚ್ಚು ಚಿತ್ರಗಳು ಕೆಡುವುದು ಇಲ್ಲೇ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಇಡೀ ಚೌಕಟ್ಟನ್ನು ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ನೀರಿನ ನಡುವೆ ಸಣ್ಣದೊಂದು ಬಿಳಿ ಹಕ್ಕಿ ಇದ್ದರೆ ನೀರಿಗಾಗಿ ಬೆಳಕು ಹೆಚ್ಚಿಸುತ್ತದೆ, ಎದೆಯ ಗರಿಗಳು ಸುಣ್ಣ ಬಳಿದಂತಾಗುತ್ತವೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು, ಅಂದರೆ ಮೀಟರಿನ ಲೆಕ್ಕವನ್ನು ನಾವೇ ಹೆಚ್ಚು ಕಡಿಮೆ ಮಾಡುವ ಸೌಲಭ್ಯವನ್ನು, ಮೈನಸ್ ಮುಕ್ಕಾಲಿನಿಂದ ಮೈನಸ್ ಒಂದೂಕಾಲರ ಆಸುಪಾಸಿಗೆ ಇಳಿಸಿ. ಬೆಳಕು ಬದಲಾಗದಿದ್ದರೆ ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನ್ಯುಯಲ್ ಇನ್ನೂ ಒಳ್ಳೆಯದು, ಹಕ್ಕಿ ಕಪ್ಪು ನೀರಿನಿಂದ ಹೊಳೆಯುವ ನೀರಿಗೆ ನಡೆದರೂ ಅದರ ಎದೆಯ ಬಿಳುಪು ಬದಲಾಗುವುದಿಲ್ಲವಲ್ಲ. ಬೆಳಗಿನ ಎಂಟರ ತಿಳಿಬಿಸಿಲಿಗೆ ಬೆಳಕಿನ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 400, ಲೆನ್ಸಿನ ಕಿಂಡಿ ಅಂದರೆ ಅಪರ್ಚರ್ ಎಫ್ 6.3, ಬೆಳಕು ಒಳಬಿಡುವ ಹೊತ್ತು ಅಂದರೆ ಶಟರ್ ಸೆಕೆಂಡಿನ 2500ನೇ ಒಂದು ಭಾಗ ಇಟ್ಟು ಶುರು ಮಾಡಿ. ಒಂದು ಚಿತ್ರ ತೆಗೆದು, ಬಿಳಿ ಮಿತಿಮೀರಿದ ಜಾಗ ಮಿನುಗುವಂತೆ ಎಚ್ಚರಿಕೆ ಹಾಕಿಕೊಂಡು ನೋಡಿ. ಎದೆ ಮಿನುಗಿದರೆ ಶಟರ್ ವೇಗವನ್ನು ಇನ್ನೊಂದು ಮೆಟ್ಟಿಲು ಏರಿಸಿ. ನಡೆಯುವ ಹಕ್ಕಿಗೆ 800ನೇ ಒಂದು ಭಾಗ ಸಾಕು, ಕೊಕ್ಕು ಚುಚ್ಚುವ ಗಳಿಗೆಗೆ 1600 ಬೇಕು, ಹಾರಾಟಕ್ಕೆ 2000ಕ್ಕಿಂತ ಕಡಿಮೆ ಬೇಡ. ಫೈಲ್ ರಾ ಆಗಿರಲಿ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸಿದ ಕಚ್ಚಾ ಫೈಲ್.

ಫೋಕಸ್ ಕಣ್ಣಿನ ಮೇಲೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 600 ಮಿಲಿಮೀಟರ್ ಲೆನ್ಸ್, ಎಫ್ 6.3, ಹಕ್ಕಿ 10 ಮೀಟರ್ ದೂರ ಎಂದಾದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 10 ಸೆಂಟಿಮೀಟರ್ ಅಷ್ಟೇ. ಹಕ್ಕಿ ಅಡ್ಡಲಾಗಿ ನಿಂತಾಗ ಇದು ಸಾಲುತ್ತದೆ. ನಿಮ್ಮತ್ತಲೇ ಮುಖ ಮಾಡಿದರೆ ಕಣ್ಣು ಹಿಡಿದು ಬಾಲ ಬಿಟ್ಟುಬಿಡಿ. ಬಿಂಬದ ಹೊಳಪಿಗೆ ಫೋಕಸ್ ಜಿಗಿಯುವುದುಂಟು, ಆಗ ಸಣ್ಣ ಒಂಟಿ ಬಿಂದುವಿಗೆ ಬನ್ನಿ. ಚೌಕಟ್ಟಿನ ಕೆಳಗೆ ಇಡೀ ಬಿಂಬಕ್ಕೆ ಜಾಗ ಬಿಡಿ. ಬಿಂಬದ ಕುತ್ತಿಗೆ ಕತ್ತರಿಸಿದ ಚಿತ್ರವನ್ನು ಆಮೇಲೆ ಯಾರೂ ಉಳಿಸಲಾರರು.

ಒಂಬತ್ತೂವರೆ ದಾಟಿ ಕೆಸರು ಕಾದರೆ ಗಾಳಿಯೇ ನಡುಗತೊಡಗುತ್ತದೆ. ನೆಲಕ್ಕೆ ಹತ್ತಿರವಿದ್ದಷ್ಟೂ ಆ ನಡುಕ ಹೆಚ್ಚು. ಒಂದೇ ಭಂಗಿಯ ಹತ್ತು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಪ್ರತಿಯೊಂದೂ ಬೇರೆ ಬೇರೆ ರೀತಿಯಲ್ಲಿ ಮಸುಕಾಗಿದ್ದರೆ ತಪ್ಪು ಲೆನ್ಸಿನದಲ್ಲ, ಗಾಳಿಯದು. ಯಾವ ತಂತ್ರಾಂಶವೂ ಅದನ್ನು ಸರಿಮಾಡದು. ಸಂಜೆ ಬನ್ನಿ.

ಕಂಪ್ಯೂಟರಿನ ಮುಂದೆ ಕೂತಾಗ ಮೊದಲು ಚಿತ್ರ ನೆಟ್ಟಗೆ ಮಾಡಿ. ದಡದ ಗೆರೆ ಓರೆಯಾಗಿರಬಹುದು, ಅದನ್ನು ನಂಬಬೇಡಿ. ಹಕ್ಕಿಯ ಕಣ್ಣು ಮತ್ತು ಬಿಂಬದ ಕಣ್ಣು ಒಂದೇ ಲಂಬದಲ್ಲಿರಬೇಕು, ಅದೇ ನಿಮ್ಮ ತೂಗುಗುಂಡು. ಆಮೇಲೆ ಹೈಲೈಟ್, ಅಂದರೆ ತೀರಾ ಬೆಳಗಿದ ಭಾಗಗಳನ್ನು, ಇಳಿಸಿ ಎದೆಯ ಗರಿ ತೆರೆಯಿರಿ, ಆದರೆ ಬಿಳಿ ಬಿಳಿಯಾಗಿಯೇ ಉಳಿಯಲಿ, ಬೂದಿ ಬಣ್ಣಕ್ಕೆ ಇಳಿಯದಿರಲಿ. ರೆಕ್ಕೆಯ ಭಾಗಕ್ಕಷ್ಟೇ ಮಾಸ್ಕ್ ಹಾಕಿ ನೆರಳು ಎತ್ತಿ. ಗಂಡಿನ ಬೆನ್ನಿನ ಹಸಿರು ಮಿಶ್ರಿತ ಹೊಳಪು, ಹೆಣ್ಣಿನ ಬೆನ್ನಿನ ಕಂದು ಆಗಲೇ ಬೇರೆಯಾಗಿ ಕಾಣುವುದು. ಚಿತ್ರದ ಕಾಳುಕಾಳು ಅಂದರೆ ನಾಯ್ಸ್ ತೆಗೆದ ಮೇಲೆಯೇ ಅಂಚು ಚೂಪಾಗಿಸುವ ಶಾರ್ಪನಿಂಗ್, ಅದೂ ಹಕ್ಕಿಗೆ ಮಾತ್ರ, ನೀರಿಗೆ ಬೇಡ. ಶಾರ್ಪನಿಂಗ್‌ನ ಹರವು ತಿಳಿಸುವ ರೇಡಿಯಸ್ 1ನ್ನು ದಾಟಿದರೆ ಕಾಲುಗಳ ಸುತ್ತ ಬಿಳಿ ಅಂಚು ಮೂಡುತ್ತದೆ. ಶೇಕಡಾ 100ರಷ್ಟು ಹಿಗ್ಗಿಸಿ ಕಾಲನ್ನೇ ನೋಡುತ್ತ ಹೊಂದಿಸಿ. ಕತ್ತರಿಸುವಾಗಲೂ ಲೆಕ್ಕವಿರಲಿ: 24 ಮೆಗಾಪಿಕ್ಸೆಲ್ ಚಿತ್ರದ ಅಗಲ, ಎತ್ತರ ಎರಡನ್ನೂ ಅರ್ಧಕ್ಕೆ ಇಳಿಸಿದರೆ ಉಳಿಯುವುದು 6 ಮೆಗಾಪಿಕ್ಸೆಲ್, 10 ಇಂಚು ಅಗಲದ ಮುದ್ರಣಕ್ಕೆ ಸರಿಹೋಗುವಷ್ಟು.

ಬಣ್ಣದಲ್ಲಿ ಕೈ ಬಿಗಿಹಿಡಿಯಿರಿ. ನೀರಂಚಿನ ಪುಟ್ಟ ಹಕ್ಕಿಗಳಲ್ಲಿ ಕಾಲಿನ ಬಣ್ಣವೇ ಒಂದು ಗುರುತು. ಲಿಟ್ಲ್ ಸ್ಟಿಂಟ್‌ನ ಕಾಲು ಕಪ್ಪು, ಟೆಮಿಂಕ್ಸ್ ಸ್ಟಿಂಟ್‌ನದು ಹಳದಿ ಛಾಯೆಯದು. ವುಡ್ ಸ್ಯಾಂಡ್‌ಪೈಪರ್‌ನ ಕಾಲು ಹಳದಿ ಬೆರೆತದ್ದು, ಗ್ರೀನ್ ಸ್ಯಾಂಡ್‌ಪೈಪರ್‌ನದು ಗಾಢ ಹಸಿರು. ವೈಟ್ ಬ್ಯಾಲೆನ್ಸನ್ನು ಹಳದಿಯತ್ತ ಬೆಚ್ಚಗೆ ಮಾಡಿ, ಬಣ್ಣದ ಗಾಢತೆಯಾದ ಸ್ಯಾಚುರೇಷನ್ ಏರಿಸಿದರೆ ಒಂದು ಹಕ್ಕಿ ಇನ್ನೊಂದಾಗಿ ನಿಮ್ಮ ಹಕ್ಕಿಪಟ್ಟಿ ಸೇರುತ್ತದೆ. ಆದ್ದರಿಂದ ತಿದ್ದಿದ ಚಿತ್ರದ ಜೊತೆಗೆ ಮೂಲ ಫೈಲನ್ನೂ ದಿನಾಂಕ, ಕೆರೆಯ ಹೆಸರು ಬರೆದು ಇಟ್ಟುಕೊಳ್ಳಿ, ಹೆಸರು ಹಚ್ಚುವ ಮುನ್ನ ಅದರಲ್ಲೇ ಕಾಲು ನೋಡಿ.

ನಮಸ್ಕಾರ.