ಬಿಯರ್ ಮಾರಾಟದ ಅಂಕಿ ಓದುವುದು ಹೇಗೆ?

(ಬೆಳಗಾವಿಯಲ್ಲಿ ಅರ್ಥಶಾಸ್ತ್ರ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಗೆಳೆಯರೇ, ಬಿಯರ್ ಬಗ್ಗೆ ಉಪನ್ಯಾಸ ಅಂದ ಕೂಡಲೇ ಹಿಂದಿನ ಬೆಂಚೂ ತುಂಬಿದೆ. ಸಂತೋಷ. ಆದರೆ ಇವತ್ತು ರುಚಿಯ ಮಾತಿಲ್ಲ, ಲೆಕ್ಕದ ಮಾತು. "ಬಿಯರ್ ಮಾರಾಟ ಕುಸಿಯಿತು" ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅದು ಜನರ ಬಾಯಾರಿಕೆಯ ಅಂಕಿ ಅಲ್ಲ. ಅದರಲ್ಲಿ ಸರ್ಕಾರದ ಕೈಯೇ ಜಾಸ್ತಿ ಕಾಣುತ್ತದೆ.

ನಮ್ಮ ರಾಜ್ಯದಲ್ಲಿ ಅಂಗಡಿಗಳು ಬಹುಪಾಲು ಖಾಸಗಿಯವರದು. ಸಗಟು ಮಾತ್ರ 2003ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಕಂಪನಿ ನಿಗಮಕ್ಕೇ ಕೊಡಬೇಕು, ಅಂಗಡಿಯವರು ನಿಗಮದ ಡಿಪೋದಿಂದಲೇ ಎತ್ತಬೇಕು. ತಮಿಳುನಾಡಿನಲ್ಲಾದರೆ ಚಿಲ್ಲರೆ ಅಂಗಡಿಯೂ ಸರ್ಕಾರದ್ದೇ. ಹೀಗಾಗಿ ನಮ್ಮ ಅಂಕಿ ಅಂದರೆ ಡಿಪೋ ಬಾಗಿಲು ದಾಟಿದ ಪೆಟ್ಟಿಗೆಗಳ ಲೆಕ್ಕ. ಸುಂಕ ಏರುವ ಸುಳಿವು ಸಿಕ್ಕರೆ ಅಂಗಡಿಯವರು ಹಳೆ ದರದಲ್ಲೇ ಗೋದಾಮು ತುಂಬಿಸಿಕೊಳ್ಳುತ್ತಾರೆ. ಆ ತಿಂಗಳು ಎತ್ತುವಳಿ ಜಿಗಿಯುತ್ತದೆ, ಮುಂದಿನ ತಿಂಗಳು ಬೀಳುತ್ತದೆ. ಕುಡಿಯುವವರು ಎರಡೂ ತಿಂಗಳು ಅಷ್ಟೇ ಕುಡಿದಿರಬಹುದು.

ಇನ್ನು ಪೆಟ್ಟಿಗೆ. ಬಿಯರ್ ಪೆಟ್ಟಿಗೆಯಲ್ಲಿ 650 ಮಿ.ಲೀ.ನ 12 ಬಾಟಲಿ, ಅಂದರೆ 7.8 ಲೀಟರ್. ವಿಸ್ಕಿ, ರಮ್ಮಿನ ಪೆಟ್ಟಿಗೆಯಲ್ಲಿ 8.64 ಲೀಟರ್. ನೋಡಲು ಹೆಚ್ಚು ಕಮ್ಮಿ ಒಂದೇ. ಆದರೆ ಬಿಯರಿನಲ್ಲಿ ಆಲ್ಕೋಹಾಲ್ ಶೇ 5, ಸ್ಟ್ರಾಂಗ್ ಆದರೆ ಶೇ 8ರವರೆಗೆ. ವಿಸ್ಕಿಯಲ್ಲಿ ಶೇ 42.8. ನೀವೇ ಗುಣಿಸಿ ನೋಡಿ: ಒಂದು ವಿಸ್ಕಿ ಪೆಟ್ಟಿಗೆಯ ಆಲ್ಕೋಹಾಲ್ ಒಂಬತ್ತಕ್ಕೂ ಜಾಸ್ತಿ ಮೈಲ್ಡ್ ಬಿಯರ್ ಪೆಟ್ಟಿಗೆಗೆ ಸಮ. ಸ್ಟ್ರಾಂಗ್ ಆದರೂ ಸುಮಾರು ಆರು ಪೆಟ್ಟಿಗೆ. ಎರಡನ್ನೂ ಕೂಡಿಸಿ "ಒಟ್ಟು ಇಷ್ಟು ಲಕ್ಷ ಪೆಟ್ಟಿಗೆ" ಅಂತ ಬರೆಯುವವರನ್ನು ನಂಬಬೇಡಿ.

ಈ ಗುಣಾಕಾರ ಯಾಕೆ ಬೇಕು? 2023ರ ಜುಲೈ ಬಜೆಟ್‌ನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಸುಂಕ ಕಂಪನಿ ದರದ ಶೇ 175ರಿಂದ 185ಕ್ಕೆ ಹೋಯಿತು. 2025ರ ಜನವರಿಯಲ್ಲಿ ಶೇ 195 ಆಯಿತು, ಇಲ್ಲವೇ ಲೀಟರಿಗೆ 130 ರೂಪಾಯಿ, ಯಾವುದು ಜಾಸ್ತಿಯೋ ಅದು. ಈ "ಇಲ್ಲವೇ" ಅನ್ನುವ ಕಡೆ ಬೆರಳಿಡಿ. ಲೀಟರಿಗೆ 130 ಅಂದರೆ ಒಂದು ಬಾಟಲಿಗೆ ಕನಿಷ್ಠ 84 ರೂಪಾಯಿ ಚಿಲ್ಲರೆ. ದುಬಾರಿ ಬಿಯರಿಗೆ ಅದು ತಟ್ಟಲೇ ಇಲ್ಲ, ಆಗ ಏಟು ಬಿದ್ದದ್ದು ಅಗ್ಗದ ಬಾಟಲಿಗೆ. ಆ ಗಿರಾಕಿ ಎಲ್ಲಿಗೆ ಹೋಗುತ್ತಾರೆ? ಕೌಂಟರಿನಲ್ಲಿ ಪಕ್ಕದಲ್ಲೇ ವಿಸ್ಕಿಯ 90 ಮಿ.ಲೀ. ಪ್ಯಾಕೆಟ್ ಇದೆ. ಅದರೊಳಗೆ 38 ಮಿ.ಲೀ. ಆಲ್ಕೋಹಾಲ್, ಒಂದು ಮೈಲ್ಡ್ ಬಿಯರ್ ಬಾಟಲಿಗಿಂತ ಜಾಸ್ತಿ. ಬಿಯರ್ ಕಮ್ಮಿಯಾಯಿತು ಅಂತ ಖುಷಿಪಡುವ ಆರೋಗ್ಯ ಪ್ರಿಯರು ಇದನ್ನೊಂದು ನೋಡಬೇಕು ಅಂತ ನನ್ನ ಅಭಿಪ್ರಾಯ.

ಕೇರಳದಲ್ಲಿ ತಿರುಗಾಮುರುಗಾ ಆಯಿತು. 2014–15ರಲ್ಲಿ ಅಲ್ಲಿ ಪಂಚತಾರಾ ಅಲ್ಲದ ಬಾರ್‌ಗಳ ಬಾಗಿಲು ಹಾಕಿದರು, ಬಹಳಷ್ಟು ಬಿಯರ್–ವೈನ್ ಪಾರ್ಲರ್ ಆದವು. ಬಿಯರ್ ಮಾರಾಟ ಏರಿತು. ಜನರ ನಾಲಿಗೆ ಬದಲಾಗಲಿಲ್ಲ, ಲೈಸೆನ್ಸ್ ಬದಲಾಯಿತು ಅಷ್ಟೇ. ತೆಲಂಗಾಣದ್ದು ಇನ್ನೂ ಮಜಾ. ಅಲ್ಲೂ ಸಗಟು ಸರ್ಕಾರದ ಕೈಯಲ್ಲೇ ಇದೆ. ಬಾಕಿ ಹಣ ಬಂದಿಲ್ಲ, ದರವನ್ನೂ ಏರಿಸಿಲ್ಲ ಅಂತ ಬಿಯರ್ ಕಂಪನಿ ಯುನೈಟೆಡ್ ಬ್ರೂವರೀಸ್ 2025ರ ಜನವರಿಯಲ್ಲಿ ಸರಬರಾಜನ್ನೇ ನಿಲ್ಲಿಸಿತು. ಫೆಬ್ರುವರಿಯಲ್ಲಿ ದರ ಶೇ 15 ಏರಿತು. ಕೊಳ್ಳುವವರು ಒಬ್ಬರೇ ಇದ್ದಾಗ ಜಗಳವೂ ಅವರೊಬ್ಬರ ಜೊತೆಗೇ ಅಲ್ವಾ?

ನಮ್ಮ ಜಿಲ್ಲೆಗೆ ಬರೋಣ. ಒಂದು ಕಡೆ ಗೋವಾ, ಇನ್ನೊಂದು ಕಡೆ ಮಹಾರಾಷ್ಟ್ರ. ಗೋವಾದ ಮಾಲು ಅಗ್ಗ. ಆದರೆ ಚೋರ್ಲಾ ಘಾಟ್ ಹತ್ತಿ ಕದ್ದು ಬರುವವರು ಬಿಯರ್ ಯಾಕೆ ತರುತ್ತಾರೆ ಹೇಳಿ? ಭಾರ ಜಾಸ್ತಿ, ಲಾಭ ಕಮ್ಮಿ. ಅದೇ ಜಾಗದಲ್ಲಿ ವಿಸ್ಕಿ ತುಂಬಿದರೆ ದುಡ್ಡು. ಮಹಾರಾಷ್ಟ್ರ 2025ರ ಜೂನ್‌ನಲ್ಲಿ ವಿಸ್ಕಿ, ರಮ್ಮಿನ ಸುಂಕ ಏರಿಸಿತು, ಬಿಯರನ್ನು ಮುಟ್ಟಲಿಲ್ಲ. ಅಂದರೆ ಒಂದೇ ವರ್ಷದಲ್ಲಿ ಈ ಕಡೆ ಬಿಯರ್ ತುಟ್ಟಿ, ಆ ಕಡೆ ವಿಸ್ಕಿ ತುಟ್ಟಿ. ನಿಪ್ಪಾಣಿಯವರಿಗೆ ಗಡಿಯಾಚೆಯ ಕಾಗಲ್ ಎಷ್ಟು ದೂರ?

ನಿಮ್ಮಲ್ಲಿ ಯಾರಾದರೂ ಇದರ ಮೇಲೆ ಪ್ರಾಜೆಕ್ಟ್ ಮಾಡುವುದಾದರೆ ಸುಮ್ನೆ ಜಿಲ್ಲೆಯ ಅಂಕಿ ಹಿಡಿಯಬೇಡಿ. ಮಹಾರಾಷ್ಟ್ರ ಗಡಿಯ ನಿಪ್ಪಾಣಿ, ಗೋವಾ ಗಡಿಯ ಖಾನಾಪುರ, ಗಡಿಯಿಂದ ದೂರದ ಸವದತ್ತಿ, ಈ ಮೂರರ ತಿಂಗಳುವಾರು ಎತ್ತುವಳಿ ಬೇರೆ ಬೇರೆಯಾಗಿ ಕೇಳಿ. ಬಿಸಿಲಿನ ಏಪ್ರಿಲ್, ಮೇ ತಿಂಗಳನ್ನು ಹಿಂದಿನ ವರ್ಷದ ಅದೇ ತಿಂಗಳ ಜೊತೆ ಮಾತ್ರ ಹೋಲಿಸಿ. ಸುಂಕ ಏರಿದ 2025ರ ಜನವರಿಯ ಅಂಕಿಯನ್ನು ಪಕ್ಕಕ್ಕೆ ತೆಗೆದಿಡಿ.