ಮಗುವನ್ನೆತ್ತಿದ ಯಂತ್ರ: ರೋಬೋಕಾನ್‌ಗಾಗಿ ರೋಬೋಟ್ ಕಟ್ಟುವ ಬಗೆ

ಆತ್ಮೀಯ ವಿದ್ಯಾರ್ಥಿಗಳೇ,

ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟವು 2002ರಲ್ಲಿ ಟೋಕಿಯೊದಲ್ಲಿ ಆರಂಭಿಸಿದ, ವಿದ್ಯಾರ್ಥಿಗಳೇ ಕಟ್ಟಿದ ರೋಬೋಟ್‌ಗಳು ಸೆಣಸುವ ರೋಬೋಕಾನ್ ಸ್ಪರ್ಧೆಯಲ್ಲಿ ಆಟವು ಪ್ರತಿವರ್ಷ ಬದಲಾಗುತ್ತದೆ. ಆತಿಥೇಯ ದೇಶ ತನ್ನ ನೆಲದ ಆಟವನ್ನೋ ಆಚರಣೆಯನ್ನೋ ಆಧರಿಸಿ ನಿಯಮ ರೂಪಿಸುವುದು ರೂಢಿ. 2008ರಲ್ಲಿ ಸ್ಪರ್ಧೆ ಪುಣೆಗೆ ಬಂದಾಗ ಮೊಸರು ಕುಡಿಕೆಯ ಹಬ್ಬವೇ ಕಣಕ್ಕಿಳಿಯಿತು. 2014ರಲ್ಲಿ ಮತ್ತೆ ಪುಣೆಯಲ್ಲೇ ನಡೆದಾಗ ವಿಷಯವಾದದ್ದು ತಂದೆತಾಯಿಯ ಅಕ್ಕರೆ. ವಿನ್ಯಾಸದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿರುವ ಸಮತೋಲನದ ಲೆಕ್ಕ ಈ ಎರಡನೆಯ ಆಟದಲ್ಲಿ ಕಣ್ಣಿಗೆ ಕಾಣುವಂತಿರುವುದರಿಂದ, ಇಂದು ಅದನ್ನೇ ಹಿಡಿದು ಮಾತನಾಡುತ್ತೇನೆ.

ಆ ಆಟದಲ್ಲಿ ವಿದ್ಯಾರ್ಥಿಯೊಬ್ಬರು ನಡೆಸುವ ಪೋಷಕ ರೋಬೋಟ್, ತಾನಾಗಿಯೇ ಕೆಲಸ ಮಾಡುವ ಮಗು ರೋಬೋಟನ್ನು ಎತ್ತಿಕೊಂಡು ಹೋಗಿ ಸೀಸಾ ಎಂಬ ಏರಿಳಿಯುವ ಹಲಗೆಯ ಮೇಲೆ ಕೂರಿಸಿ ಆಡಿಸಬೇಕಿತ್ತು, ಉಯ್ಯಾಲೆಯಲ್ಲಿಟ್ಟು ತೂಗಬೇಕಿತ್ತು. ಸಾಲುಗಂಬಗಳ ಮೇಲೆ ನಡೆಯುವುದು, ಏಣಿ ಹತ್ತುವುದು ಮಗುವಿನದೇ ಕೆಲಸ. ಇಷ್ಟಕ್ಕೂ ಇದ್ದ ಸಮಯ ಮೂರೇ ನಿಮಿಷ.

ಕಂಕುಳಲ್ಲಿ ಮಗುವನ್ನೆತ್ತಿದ ತಾಯಿಯನ್ನು ಗಮನಿಸಿ. ಅವಳ ಮೈ ತನಗೆ ತಾನೇ ಎದುರು ಬದಿಗೆ ವಾಲಿರುತ್ತದೆ. ಯಂತ್ರಕ್ಕೆ ಆ ಅರಿವಿಲ್ಲ. ಅದರ ಪರವಾಗಿ ನಾವು ಮೊದಲೇ ಲೆಕ್ಕ ಹಾಕಬೇಕು. ಪೋಷಕ ಯಂತ್ರ 15 ಕಿಲೋ, ಮಗು 6 ಕಿಲೋ ತೂಗುತ್ತವೆ ಎಂದಿಟ್ಟುಕೊಳ್ಳೋಣ. ಚಾಚಿದ ತೋಳಿನ ತುದಿಯಲ್ಲಿ ಮಗು ಮುಂಚಕ್ರಗಳ ಗೆರೆಯಿಂದ 40 ಸೆಂಟಿಮೀಟರ್ ಮುಂದಿದ್ದರೆ, ಪೋಷಕನ ಗುರುತ್ವಕೇಂದ್ರ, ಅಂದರೆ ಅದರ ತೂಕವೆಲ್ಲ ಸೇರಿದಂತಿರುವ ಬಿಂದು, ಆ ಗೆರೆಯಿಂದ 16 ಸೆಂಟಿಮೀಟರಿಗಿಂತ ಹಿಂದಿರಲೇಬೇಕು. ನಮ್ಮ ತಂಡವೊಂದು ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ ಅದನ್ನು 20 ಸೆಂಟಿಮೀಟರಿಗೆ ತಂದು ನೆಮ್ಮದಿಯಿಂದಿತ್ತು. ನಿಂತಲ್ಲಿ ಯಂತ್ರ ಗಟ್ಟಿಯಾಗಿಯೇ ನಿಂತಿತು. ಓಡಿಸಿ ನಿಲ್ಲಿಸಿದ ಮೊದಲ ಸಲವೇ ಮುಗ್ಗರಿಸಿ ಬಿತ್ತು, ಎರಡು ತಿಂಗಳ ದುಡಿಮೆಯ ಮಗುವಿನ ಕಾಲು ಮುರಿಯಿತು. ಆ ಸದ್ದು ನನಗೆ ಇನ್ನೂ ನೆನಪಿದೆ.

ಬ್ರೇಕಿನ ಲೆಕ್ಕವನ್ನು ನಾವು ಮಾಡಿರಲೇ ಇಲ್ಲ. ಪೋಷಕನ ಗುರುತ್ವಕೇಂದ್ರ ನೆಲದಿಂದ 30 ಸೆಂಟಿಮೀಟರ್, ಮಗುವಿನದು 60 ಸೆಂಟಿಮೀಟರ್ ಎತ್ತರದಲ್ಲಿದ್ದವು. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬರುವ ಇಂಥ ಯಂತ್ರವನ್ನು ಸುಮಾರು 1.4 ಸೆಕೆಂಡಿಗಿಂತ ಬೇಗ ನಿಲ್ಲಿಸಿದರೆ ಹಿಂಚಕ್ರಗಳು ನೆಲ ಬಿಡುತ್ತವೆ. ತೋಳನ್ನು ಒಳಗೆಳೆದು ಮಗುವನ್ನು 10 ಸೆಂಟಿಮೀಟರ್ ಅಂತರಕ್ಕೆ ತಂದರೆ, ಅದೇ ಯಂತ್ರವನ್ನು ಅರ್ಧ ಸೆಕೆಂಡಿನಲ್ಲಿ ಧೈರ್ಯವಾಗಿ ನಿಲ್ಲಿಸಬಹುದು. ಎದೆಗವಚಿಕೊಂಡು ನಡೆಯುವುದು, ನಿಂತ ಮೇಲೆ ಕೈ ಚಾಚುವುದು: ಇಷ್ಟನ್ನು ಮಾಡಿದ ಮೇಲೆ ಆ ಯಂತ್ರ ಮತ್ತೆ ಬೀಳಲಿಲ್ಲ. ಆದರೆ ಒಳಗೆ ಸರಿಯುವ ತೋಳಿಗೆ ಜಾಗವನ್ನೇ ಬಿಟ್ಟಿರದಿದ್ದರಿಂದ ಚೌಕಟ್ಟನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಯಿತು.

ಆದ್ದರಿಂದಲೇ ಅಲ್ಯೂಮಿನಿಯಂ ಕೊಳವೆಗೆ ಗರಗಸ ಹಚ್ಚುವ ಮೊದಲು ಪ್ಲೈವುಡ್ಡಿನಲ್ಲಿ ನಿಜ ಅಳತೆಯ ಮಾದರಿ ಮಾಡಿ ಎಂದು ನಾನು ಒತ್ತಾಯಿಸುತ್ತೇನೆ. ಮೋಟಾರು, ಬ್ಯಾಟರಿ, ಗಾಳಿಯ ಒತ್ತಡದಿಂದ ತಳ್ಳುವ ಸಿಲಿಂಡರುಗಳ ಬದಲು ಅಷ್ಟೇ ತೂಕದ ಮರಳಿನ ಚೀಲಗಳನ್ನು ಕಟ್ಟಿ ನೂಕಿ ನೋಡಿದರೆ, ಪರದೆಯ ಮೇಲಿನ ಚಿತ್ರ ಮುಚ್ಚಿಡುವ ತಪ್ಪುಗಳು ಒಂದೇ ಮಧ್ಯಾಹ್ನದಲ್ಲಿ ಹೊರಬೀಳುತ್ತವೆ. ಚೌಕಟ್ಟಿನ ಜೋಡಣೆಗಳನ್ನು ಬೆಸೆಯದೆ ಬೋಲ್ಟಿನಿಂದ ಬಿಗಿಯಿರಿ. ಬಿಚ್ಚುವ ದಿನ ಬಂದೇ ಬರುತ್ತದೆ.

ಮಗುವನ್ನು ಹಿಡಿಯುವ, ಗಾಳಿಯ ಒತ್ತಡದಿಂದ ನಡೆಯುವ ಕೈಯ ವಿಷಯದಲ್ಲೂ ಮೊದಲೇ ಲೆಕ್ಕ ಹಾಕಬೇಕು. ಸ್ಪರ್ಧೆಯ ನಿಯಮ ಗಾಳಿಯ ಒತ್ತಡವನ್ನು 600 ಕಿಲೋಪ್ಯಾಸ್ಕಲ್‌ಗೆ ಮಿತಿಗೊಳಿಸುತ್ತದೆ. ಇದು ಕಡಿಮೆಯೆಂದು ತೋರಬಹುದು, ಆದರೆ 25 ಮಿಲಿಮೀಟರ್ ವ್ಯಾಸದ ಸಣ್ಣ ಸಿಲಿಂಡರ್ ಕೂಡ ಈ ಒತ್ತಡದಲ್ಲಿ ಸುಮಾರು 30 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ತೆಳು ಕೊಳವೆಯನ್ನು ಚಪ್ಪಟೆಯಾಗಿಸಲು, ನಿಮ್ಮ ಬೆರಳನ್ನು ಮುರಿಯಲು ಅಷ್ಟು ಸಾಕು. ಮಗುವನ್ನು ಹಿಡಿಯುವ ಕೈಗೆ ಬೇರೆಯೇ ರೆಗ್ಯುಲೇಟರ್ ಹಾಕಿ ಒತ್ತಡ ಇಳಿಸಿ, ಮತ್ತು ಗಾಳಿ ಖಾಲಿ ಮಾಡದೆ ಯಾರೂ ಯಂತ್ರದೊಳಗೆ ಕೈ ಹಾಕಬೇಡಿ.

ವೈರಿಂಗ್ ಬಗ್ಗೆ ಇನ್ನೊಂದು ದಿನ ವಿವರವಾಗಿ ಹೇಳುತ್ತೇನೆ. ಈಗ ಕಾರ್ಯಾಗಾರಕ್ಕೆ ಹೋಗೋಣ. ಪ್ಲೈವುಡ್ ಮಾದರಿಯೂ ಆರು ಕಿಲೋದ ಮರಳಿನ ಚೀಲವೂ ಮೇಜಿನ ಪಕ್ಕದಲ್ಲಿವೆ. ಚೀಲವನ್ನು ತೋಳಿನ ತುದಿಗೆ ಕಟ್ಟುವ ಮೊದಲು, ಬ್ಯಾಟರಿಯನ್ನು ಎಲ್ಲಿ ಇಡುತ್ತೀರೆಂದು ಪ್ರತಿಯೊಬ್ಬರೂ ಸೀಮೆಸುಣ್ಣದಿಂದ ಗುರುತು ಮಾಡಿ ತೋರಿಸಿ.